ಸ್ಟೇಶನ್ ಕ್ವಾರ್ಟರ್ಸಿನ ಶಾಲೆ

ಜೂನ್ 9, 2024, ರವಿವಾರ

ಮಗಳು ಕೃಪಾಳನ್ನು ಇನ್ನು ಶಾಲೆಗೆ ಕಳಿಸುವುದಿಲ್ಲ. ನಾನೇ ಮನೆಯಲ್ಲಿ ಕಲಿಸುತ್ತೇನೆ. ಇಂದು ಸವಣೂರಿನ ಚರ್ಚಿನಿಂದ ಬಂದ ಮೇಲೆ ಇದು ಗಟ್ಟಿಯಾಯಿತು. ಬಿ.ಎಡ್. ಓದುವಾಗ ದಿನಾ ಬರೆಯುತ್ತಿದ್ದೆ, ಮದುವೆಯಾದ ಮೇಲೆ ಬಿಟ್ಟುಹೋಗಿತ್ತು. ಇಂಥ ದಿನವನ್ನು ಬರೆದಿಡಬೇಕು ಅನಿಸಿ ಕುಳಿತಿದ್ದೇನೆ.

ಕಳೆದ ವಾರ ಬಿಸಿಯೂಟದ ಸಾಲಿನಲ್ಲಿ ಒಬ್ಬ ಹುಡುಗ ಅವಳಿಗೆ, "ನಿಮ್ಮ ಮುತ್ತ್ಯಾ ಅಕ್ಕಿ ಚೀಲ ಇಸ್ಕೊಂಡು ಜಾತಿ ಬಿಟ್ಟಾನಂತಲ್ಲ" ಎಂದನಂತೆ. ಇವಳು ತಾಟಿನಿಂದ ಅವನ ತಲೆಗೆ ಒಂದು ಕೊಟ್ಟು, "ನಮ್ಮ ಮುತ್ತ್ಯಾಗ ಅನ್ನಾನ ಸೇರ್ತಿದ್ದಿಲ್ಲಲೇ, ರೊಟ್ಟಿ ಬೇಕಿತ್ತವಗ" ಎಂದಳಂತೆ. ಆರನೇ ಇಯತ್ತೆಯ ಪದ್ಮಜಾ ಟೀಚರ್ ಇಬ್ಬರನ್ನೂ ನಿಲ್ಲಿಸಿ ಕ್ಷಮೆ ಕೇಳಿಸಿದರಂತೆ. ಅದನ್ನೆಲ್ಲ ಹೇಳಿ ಹೇಳಿ ಕೃಪಾ ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಬಚ್ಚಲಿಗೆ ಹೋಗಿ ಅತ್ತು ಬಂದೆ. ನಾಲ್ಕು ತಲೆಮಾರಿನಿಂದ ಕ್ರೈಸ್ತರಾಗಿ ಇಲ್ಲೇ ಇದ್ದೇವೆ. ಹಾನಗಲ್ಲಿನಲ್ಲಿ ನಾನು ಓದುವಾಗಲೂ ಇದೇ ಮಾತು ಕೇಳಿದ್ದೆ. ನನ್ನ ಮಗಳೂ ಕೇಳಬೇಕೆ?

ಚರ್ಚಿನಲ್ಲಿ ಪಾದ್ರಿ ಅಯ್ಯನವರಿಗೆ ಹೇಳಿದೆ. ಅವರು ಒಪ್ಪಲಿಲ್ಲ. "ಶೀಲಾ, ನಮ್ಮ ಮಿಶನ್ ಹಿರಿಯಾರು ಊರಾನ ಮಕ್ಕಳಿಗೆಲ್ಲ ಸಾಲಿ ತೆಗದ್ರು. ಅವರ ಮೊಮ್ಮಕ್ಕಳು ನಾವು ನಮ್ಮ ಮಕ್ಕಳ್ನ ಸಾಲಿಯಿಂದ ಬಿಡಸೂದು ಬರೋಬರಿ ಅನಸ್ತೈತೇನು?" ಎಂದರು. ಅವರ ಮಕ್ಕಳು ದೊಡ್ಡವರಾಗಿ ನೌಕರಿ ಹಿಡಿದಿದ್ದಾರೆ, ಅವರಿಗೇನು.

ನಮ್ಮವರು ಯಲವಿಗಿ ಸ್ಟೇಶನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಡ್ಯೂಟಿಯಿಂದ ಬಂದು ಊಟ ಮಾಡುತ್ತ ಎಲ್ಲ ಕೇಳಿಸಿಕೊಂಡರು. "ನೀ ಕಲಸ್ತೇನಿ ಅಂದ್ರ ನಾ ಬ್ಯಾಡ ಅನ್ನೂದಿಲ್ಲ. ನನಗಿಂತ ಹೆಚ್ಚು ಓದೀದಿ. ಆದ್ರ ಹುಡುಗಿನ್ನ ಒಂದ್ಮಾತು ಕೇಳು" ಎಂದರು.

ಕೇಳಿದೆ. "ತರನ್ನುಮ ದಿನಾ ಆಡಾಕ ಬರ್ತಾಳಲ್ಲ? ಹಂಗಿದ್ರ ನಡಿತೈತಿ" ಎಂದಳು. ಗೆಳತಿ ಬಂದರೆ ಸಾಕು ಅವಳಿಗೆ, ಅಷ್ಟೇ.

ಜೂನ್ 17, ಸೋಮವಾರ

ಮುಂದಿನ ಕೋಣೆಯ ಗೋಡೆಗೆ ಕಪ್ಪು ಬಣ್ಣ ಬಳಿದು ಬೋರ್ಡು ಮಾಡಿದ್ದೇವೆ. ಬೆಳಗ್ಗೆ ಪ್ರಾರ್ಥನೆ, ಬೈಬಲ್ ವಾಕ್ಯ, ಆಮೇಲೆ ಕನ್ನಡ, ಗಣಿತ. ಮಧ್ಯಾಹ್ನ ವಿಜ್ಞಾನ. ಇಂಥ ಸುಖವನ್ನು ನಾನು ಎಷ್ಟೋ ವರ್ಷದಿಂದ ಕಂಡಿರಲಿಲ್ಲ. ಬಿ.ಎಡ್. ಮಾಡಿಯೂ ಒಂದು ದಿನ ಕ್ಲಾಸಿನಲ್ಲಿ ನಿಂತವಳಲ್ಲ ನಾನು. ಈಗ ಒಬ್ಬಳೇ ವಿದ್ಯಾರ್ಥಿನಿ, ಆದರೆ ಎಂಥವಳು! ಗೂಡ್ಸ್ ಗಾಡಿ ಹೋಗುವಾಗ ವ್ಯಾಗನ್ ಎಣಿಸಿ ವೇಗದ ಲೆಕ್ಕ ಮಾಡಿಸಿದೆ. "ಅವ್ವಾ, ಹಳಿ ಬ್ಯಾಸಿಗ್ಯಾಗ ಉದ್ದ ಆಗ್ತಾವಂತ, ಹಂಗಾರ ಹುಬ್ಬಳ್ಳಿ ಒಂದೀಟು ದೂರ ಆಗ್ತೈತೇನು?" ಎಂದು ಕೇಳಿದಳು. ನಮ್ಮವರಿಗೆ ಹೇಳಿ ಹೇಳಿ ನಕ್ಕೆ.

ಇಂದು ಬಕ್ರೀದ್. ಗೇಟಿನ ಆಚೆ ಮನೆಯ ಹಮೀದುನ್ನೀಸಾ ಅಜ್ಜಿ ಮೊಮ್ಮಗಳು ತರನ್ನುಮಳ ಕೈಯಲ್ಲಿ ಬಿರಿಯಾನಿ ಡಬ್ಬಿ ಕಳಿಸಿದ್ದರು. ಹುಡುಗಿಯರಿಬ್ಬರೂ ಕಟ್ಟೆಯ ಮೇಲೆ ಕುಳಿತು ಒಂದೇ ತಾಟಿನಲ್ಲಿ ತಿಂದರು. ತರನ್ನುಮ ಬೋರ್ಡು ನೋಡಿ, "ಆಂಟಿ, ನನಗೂ ಇಲ್ಲೇ ಕಲಸ್ರಿ" ಎಂದಳು.

ಜುಲೈ 3, ಬುಧವಾರ

ಪದ್ಮಜಾ ಟೀಚರ್ ಬಂದಿದ್ದರು. ಸವಣೂರಿನಿಂದ ಬಸ್ಸಿಗೆ ಓಡಾಡುವವರು, ಬಸ್ಸು ಬಿಟ್ಟು ನಮ್ಮ ಮನೆಗೆ ನಡೆದುಕೊಂಡು ಬಂದಿದ್ದರು. ಚಹಾ ಕೊಟ್ಟೆ.

"ಹಾಜರಿಯೊಳಗಿಂದ ಹೆಸರು ತಗೀಲಿಕ್ಕೆ ನನಗ ಮನಸ್ಸು ಬರ್ಲಿಕ್ಕೆ ಒಲ್ಲದು ಶೀಲಾ. ನೀವು ಛಲೋ ಕಲಸ್ತೀರಿ, ಇಲ್ಲ ಅನ್ನೂದಿಲ್ಲ. ನಾನೂ ಒಬ್ಬಾಕಿನ ಎರಡು ಇಯತ್ತೆ ನೋಡ್ತೀನಿ, ನಿಮ್ಮಷ್ಟು ಒಂದು ಹುಡುಗಿಗೆ ಹೇಳಿಕೊಡ್ಲಿಕ್ಕೆ ನನ್ನ ಕಡೆ ಆಗೂದಿಲ್ಲ. ಆದ್ರ ಆಕಿ ನಾಕು ಮಂದಿ ನಡುವ ಬೆಳೀಬೇಕಲ್ರಿ" ಎಂದರು.

"ಆ ನಾಕು ಮಂದೀನ ಆಕೀಗೆ ಅಕ್ಕಿ ಚೀಲದ ಮಾತು ಹೇಳಿದ್ದು ಟೀಚರ್" ಎಂದೆ.

ಅವರು ಚಹಾ ಮುಗಿಸಿ ಎದ್ದರು. ಹೋಗುವಾಗ ಕೃಪಾಳ ಜಡೆ ಹಿಡಿದು ಎಳೆದು, "ಹುಡುಗಿ, ನಿನ್ನ ಜಾಗಾ ಖಾಲಿನ ಇಟ್ಟೇನಿ" ಎಂದರು. ಕೃಪಾ ಅವರ ಹಿಂದೆ ಗೇಟಿನವರೆಗೂ ಹೋದಳು. ನನಗೆ ಅದು ಹಿಡಿಸಲಿಲ್ಲ.

ಮೊಬೈಲಿನಲ್ಲಿ ಒಂದು ಗುಂಪಿಗೆ ಸೇರಿದ್ದೇನೆ. ಮನೆಯಲ್ಲೇ ಮಕ್ಕಳಿಗೆ ಕಲಿಸುವ ವಿಶ್ವಾಸಿ ತಾಯಂದಿರ ಗುಂಪು. ಬೆಂಗಳೂರಿನ ಎಸ್ತೇರ್ ಸಿಸ್ಟರ್ ನಡೆಸುತ್ತಾರೆ. ದಿನಾ ಬೆಳಗ್ಗೆ ಅವರ ಧ್ವನಿ ಸಂದೇಶ ಬರುತ್ತದೆ. ಎಷ್ಟು ಸಮಾಧಾನದ ಧ್ವನಿ. ಅಲ್ಲಿ ಹಂಸಭಾವಿಯವರೂ ಒಬ್ಬರಿದ್ದಾರೆ, ಶಿಗ್ಗಾಂವಿಯವರೂ ಒಬ್ಬರಿದ್ದಾರೆ. ನಾನೊಬ್ಬಳೇ ಅಲ್ಲ ಎಂದು ತಿಳಿದು ಧೈರ್ಯ ಬಂತು.

ಜುಲೈ 25, ಗುರುವಾರ

ಶಾಲೆ ಬಿಟ್ಟ ಕೂಡಲೇ ತರನ್ನುಮ ತನ್ನ ಅಪ್ಪನ ಮೊಬೈಲು ತಂದು ಕೃಪಾಳಿಗೆ ಏನೋ ಕುಣಿಯುವುದನ್ನು ತೋರಿಸುತ್ತಿದ್ದಳು. ಇಬ್ಬರೂ ಹಿತ್ತಲಿನಲ್ಲಿ ಹಾಗೇ ಕುಣಿಯುತ್ತಿದ್ದರು. ನಮ್ಮ ಪಾಠ ಇನ್ನೂ ಮುಗಿಯದ ಹೊತ್ತಿನಲ್ಲಿ! ತರನ್ನುಮಳಿಗೆ ಇನ್ನು ರವಿವಾರ ಮಾತ್ರ ಬಾ ಎಂದು ಹೇಳಿ ಕಳಿಸಿದೆ. ಹುಡುಗಿ ಮುಖ ಸಣ್ಣದು ಮಾಡಿಕೊಂಡು ಹೋದಳು. ಕೃಪಾ ನನ್ನ ಜೊತೆ ಜಗಳಕ್ಕೇ ನಿಂತಳು. "ನೀ ಹೇಳಿದ್ದಿ, ದಿನಾ ಬರ್ತಾಳಂತ ಹೇಳಿದ್ದಿ!"

ಎಸ್ತೇರ್ ಸಿಸ್ಟರ್‌ಗೆ ಬರೆದು ಕೇಳಿದೆ. ಅವರು ನನಗೊಬ್ಬಳಿಗೇ ಸಂದೇಶ ಕಳಿಸಿದರು. ಮಗು ಎದುರು ಮಾತಾಡುವುದು ಮೊದಲ ಬಿರುಕು, ಅಲ್ಲೇ ಮುಚ್ಚಬೇಕು, ತಾಯಿ ಸೋತರೆ ಮನೆ ಸೋಲುತ್ತದೆ ಎಂದರು. ಎರಡು ಸಲ ಕೇಳಿಸಿಕೊಂಡೆ.

ಆಗಸ್ಟ್ 15, ಗುರುವಾರ

ಶಾಲೆಯ ಮಕ್ಕಳ ಪ್ರಭಾತಫೇರಿ ಸ್ಟೇಶನ್ ರಸ್ತೆಗೂ ಬಂತು. ಡೋಲು ಬಾರಿಸುತ್ತ ನಮ್ಮ ಮನೆಯ ಮುಂದೆ ಬಂದಾಗ ಕೆಲವು ಹುಡುಗಿಯರು "ಕೃಪಾ, ಏ ಕೃಪಾ!" ಎಂದು ಕೂಗಿದರು. ಅವಳು ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಕಿಟಕಿ ಮುಚ್ಚಿ ಒಳಗೆ ಕರೆದುಕೊಂಡು ಬಂದೆ. ನಾವಿಬ್ಬರೇ ಜನಗಣಮನ ಹಾಡಿದೆವು. ಚುರುಮರಿಗೆ ಒಗ್ಗರಣೆ ಹಾಕಿ, ಲಾಡು ತಂದಿಟ್ಟಿದ್ದೆ. ತಿನ್ನಲಿಲ್ಲ.

ಆ ಕಿಟಕಿಯನ್ನು ಪಾಠದ ಹೊತ್ತು ಮುಚ್ಚಿಯೇ ಇಡುವುದು ಒಳ್ಳೆಯದು. ರಸ್ತೆ ನೋಡುತ್ತ ಕೂರುತ್ತಾಳೆ.

ಸೆಪ್ಟೆಂಬರ್ 12, ಗುರುವಾರ

ಹೊಸದೊಂದು ಆಟ ಶುರು ಮಾಡಿದ್ದಾಳೆ. ಪಾಠ ಕಠಿಣವಾದ ಕೂಡಲೇ "ನೀರು ಕುಡದು ಬರ್ತೇನಿ." ಬಂದು ಕೂರುತ್ತಾಳೆ, ಸ್ವಲ್ಪ ಹೊತ್ತಿಗೆ "ಒಂದಕ್ಕ ಹೋಗಿ ಬರ್ತೇನಿ." ಮತ್ತೆ ನೀರು. ಭಿನ್ನರಾಶಿ ಶುರುವಾದಾಗಿನಿಂದ ಇದೇ ನಡೆದಿದೆ. ಮಳೆ ತಂಪಿನಲ್ಲಿ ಯಾರಿಗಾದರೂ ಇಷ್ಟು ನೀರಡಿಕೆಯಾಗುತ್ತದೆಯೇ?

ಇವತ್ತು ಕೇಳಿದೆ: "ಲೆಕ್ಕ ಬ್ಯಾಸರ ಆತು ಅಂದ್ರ ನೇರ ಹೇಳು, ನೀರಿನ ನೆವ ಯಾಕ?"

"ನೆವ ಅಲ್ಲವ್ವ. ಬಾಯಿ ಒಣಗತೈತಿ."

ಊಟ ಮಾತ್ರ ಚೆನ್ನಾಗಿ ಮಾಡುತ್ತಾಳೆ, ಮೊದಲಿಗಿಂತ ಹೆಚ್ಚು. ಉದ್ದ ಬೆಳೆಯುವ ವಯಸ್ಸು, ಅದಕ್ಕೇ ತೆಳ್ಳಗಾಗಿದ್ದಾಳೆ. ಕಳೆದ ಕ್ರಿಸ್‌ಮಸ್ಸಿನ ಫ್ರಾಕು ಸೊಂಟದಲ್ಲಿ ಸಡಿಲವಾಗಿದೆ.

ಸೆಪ್ಟೆಂಬರ್ 21, ಶನಿವಾರ

ಗುಂಪಿನಲ್ಲಿ ಕೇಳಿದ್ದೆ. ಎಸ್ತೇರ್ ಸಿಸ್ಟರ್ ಹೇಳಿದರು: ಶರೀರವನ್ನು ಆಳಲು ಕಲಿಯುವುದೇ ಮೊದಲ ಪಾಠ. ಹೊತ್ತು ಗೊತ್ತು ಮಾಡಿ. ಮಗು ಅತ್ತರೆ ಕರಗಬೇಡಿ.

ಹಾಗೇ ಮಾಡಿದ್ದೇನೆ. ನೀರಿನ ಕೊಡ ಅಡುಗೆಮನೆಯ ಒಳಗೆ ಇಟ್ಟು ಬಾಗಿಲು ಹಾಕುತ್ತೇನೆ. ಒಂದು ಪಾಠ ಮುಗಿದು ಗಂಟೆ ಬಾರಿಸಿದ ಮೇಲೆ ಒಂದು ಲೋಟ. ಪಾಯಿಖಾನೆಗೂ ಗಂಟೆ ಆದ ಮೇಲೆಯೇ. ಮೊದಲ ದಿನ ಅತ್ತಳು, ಎರಡನೆಯ ದಿನ ಅರಚಿದಳು. ಇಂದು ಸುಮ್ಮನೆ ಗಡಿಯಾರ ನೋಡುತ್ತ ಕುಳಿತಿದ್ದಳು. ಗಡಿಯಾರವನ್ನು ಅವಳ ಬೆನ್ನ ಹಿಂದಿನ ಗೋಡೆಗೆ ಹಾಕಿದೆ.

ನಮ್ಮವರಿಗೆ ಇದು ಸರಿ ಕಾಣಲಿಲ್ಲ. "ನೀರಿಗೂ ಗಂಟಿ ಅಂದ್ರ ಏನಲೇ ಶೀಲಾ? ನಮ್ಮ ಸ್ಟೇಶನ್ದಾಗ ನಾಯಿಗೂ ನೀರು ಇಡ್ತಾರ" ಎಂದರು. ನೀವು ಮನೆಯಲ್ಲಿರುವುದು ಎಷ್ಟು ಹೊತ್ತು, ಕಲಿಸುವವಳು ನಾನು ಎಂದೆ. ಈಗೀಗ ಅವರೂ ಡ್ಯೂಟಿ ಮುಗಿದ ಮೇಲೆ ಸ್ಟೇಶನ್ನಿನ ಬೆಂಚಿನಲ್ಲೇ ಹೆಚ್ಚು ಹೊತ್ತು ಕೂರುತ್ತಾರೆ.

ಅಕ್ಟೋಬರ್ 1, ಮಂಗಳವಾರ

ಹನ್ನೊಂದು ತುಂಬಿದ ಹುಡುಗಿ ಹಾಸಿಗೆ ಒದ್ದೆ ಮಾಡಿದ್ದಾಳೆ. ಈ ವಾರ ಎರಡನೆಯ ಸಲ. ಮೂರನೇ ವರ್ಷಕ್ಕೇ ಬಿಟ್ಟಿದ್ದಳು. ಬೇಕೆಂದೇ ಮಾಡುತ್ತಾಳೆ, ನನ್ನನ್ನು ಸೋಲಿಸಲು. ಚಾದರವನ್ನು ಅವಳಿಂದಲೇ ಒಗೆಸಿದೆ. ಬಕೀಟು ಎತ್ತಲಾರದೆ ಎರಡು ಸಲ ಕೂತಳು. ನಾಟಕ.

ಬಚ್ಚಲಿನಲ್ಲಿ ಕೆಂಪಿರುವೆ ಮುತ್ತಿವೆ. ಅವಳು ಹೋಗಿ ಬಂದ ಕಡೆಯೆಲ್ಲ ಸಾಲು ಸಾಲು. ಚಾದರದ ಮೇಲೂ ಹತ್ತಿದ್ದವು. ಫಿನೈಲ್ ತರಿಸಿ ಮೂರು ಸಲ ತೊಳೆದೆ, ಹೋಗಿಲ್ಲ. ಕ್ವಾರ್ಟರ್ಸು ಹಳೆಯದು, ಫರಸಿಯ ಸಂದಿಯಲ್ಲಿ ಗೂಡು ಇರಬೇಕು.

ಅಕ್ಟೋಬರ್ 9, ಬುಧವಾರ

ಪದ್ಮಜಾ ಟೀಚರ್ ಮತ್ತೆ ಬಂದರು. ತರನ್ನುಮ ಏನೋ ಹೇಳಿರಬೇಕು. ನಾನು ಬಾಗಿಲಲ್ಲೇ ನಿಂತು ಮಾತಾಡಿಸಿದೆ. ಒಳಗೆ ಕರೆಯಲಿಲ್ಲ, ಪಾಠ ನಡೆದಿತ್ತು.

ಆದರೂ ನನ್ನ ಹೆಗಲ ಮೇಲಿಂದ ನೋಡಿಬಿಟ್ಟರು. "ಅಯ್ಯ! ಇಷ್ಟ್ಯಾಕ ಸೊರಗ್ಯಾಳ್ರಿ ಹುಡುಗಿ? ಕಣ್ಣು ನೋಡ್ರಿ ಎಷ್ಟು ಒಳಗ ಹೋಗ್ಯಾವ."

"ಬೆಳ್ಯಾಕತ್ತಾಳ್ರಿ."

"ಇದು ಬೆಳಿಯೂ ಸೊರಗು ಅಲ್ಲ ಶೀಲಾ. ಸಾಲಿಗೆ ಕಳಸ್ತೀರೋ ಬಿಡ್ತೀರೋ, ಆ ಮಾತು ಬಿಡ್ರಿ. ಮೊದಲ ಡಾಕ್ಟರಿಗೆ ತೋರಸ್ರಿ. ನಾಳೆ ನಾನ ಸವಣೂರಿಗೆ ಕರಕೊಂಡು ಹೋಗ್ಲೇನು?"

ನನ್ನ ಮಗಳನ್ನು ನಾನು ನೋಡಿಕೊಳ್ಳಬಲ್ಲೆ ಎಂದು ಹೇಳಿ ಬಾಗಿಲು ಹಾಕಿದೆ. ಅವರು ಸ್ವಲ್ಪ ಹೊತ್ತು ಕಟ್ಟೆಯ ಮೇಲೇ ನಿಂತಿದ್ದರು. ಚಪ್ಪಲಿಯ ಸಪ್ಪಳ ಆಮೇಲೆ ಕೇಳಿತು.

ಅವರಿಗೆ ಹುಡುಗಿ ಶಾಲೆಗೆ ವಾಪಸು ಬಂದರೆ ಸಾಕು. ಸಂಖ್ಯೆ ಕಡಿಮೆಯಾದರೆ ಶಾಲೆಗೆ ಕಷ್ಟ.

ಕೃಪಾ ಇವತ್ತು ಬೋರ್ಡಿನ ಅಕ್ಷರ ಅಲ್ಲಾಡುತ್ತವೆ, ಮಸುಕು ಕಾಣುತ್ತವೆ ಎಂದಳು. ಟೀಚರ್ ಬಂದು ಹೋದ ಕೂಡಲೇ ಇದೊಂದು ಹೊಸ ರೋಗ.

ಅಕ್ಟೋಬರ್ 14, ಸೋಮವಾರ

ಬಚ್ಚಲಿಗೆ ಹೋದವಳು ಬಹಳ ಹೊತ್ತಾದರೂ ಬರಲಿಲ್ಲವೆಂದು ಬಾಗಿಲು ನೂಕಿದೆ. ಮೊಣಕಾಲೂರಿ ಕುಳಿತು, ಕೈ ಕಾಲು ತೊಳೆಯುವ ಬಕೀಟಿಗೆ ಬಾಯಿ ಹಚ್ಚಿ ಕುಡಿಯುತ್ತಿದ್ದಳು. ದನದ ಹಾಗೆ. ಜಡೆಯೆಲ್ಲ ನೀರಿನಲ್ಲಿ ಬಿದ್ದಿತ್ತು.

ಹೊಡೆದೆ. ಇದೇ ಮೊದಲ ಸಲ. ಅವಳು ಅಳಲಿಲ್ಲ. ನನ್ನ ಕೈ ಹಿಡಿದುಕೊಂಡು, "ಇನ್ನೊಂದೀಟು ಕುಡದು ಆಮ್ಯಾಲ ಹೊಡಿಸ್ಕೋತೇನವ್ವ" ಎಂದಳು.

ಬಕೀಟು ಬೋರಲು ಹಾಕಿದೆ. ಬೈಬಲ್ಲಿನ ಜ್ಞಾನೋಕ್ತಿಯ ಒಂದು ಅಧ್ಯಾಯ ಪೂರ್ತಿ ಬರೆಯಲು ಹೇಳಿದೆ. ಅರ್ಧ ಬರೆದು ಪುಸ್ತಕದ ಮೇಲೇ ನಿದ್ದೆ ಹೋದಳು. ಅಕ್ಷರಗಳು ಗೆರೆ ಬಿಟ್ಟು ಕೆಳಕೆಳಗೆ ಜಾರಿಕೊಂಡು ಹೋಗಿವೆ.

ಪಾಪವು ಒಂದು ಮಗುವನ್ನು ಹೀಗೆ ಹಿಡಿಯುತ್ತದೆ ಎಂದು ಎಸ್ತೇರ್ ಸಿಸ್ಟರ್ ಹೇಳಿದ್ದು ಇದನ್ನೇ ಇರಬೇಕು. ಗುಂಪಿನಲ್ಲಿ ನಮಗಾಗಿ ಪ್ರಾರ್ಥಿಸುತ್ತಿದ್ದಾರೆ.

ಅಕ್ಟೋಬರ್ 17, ಗುರುವಾರ

ಇಂದು ಒಂದು ಮಾತೂ ಎದುರಾಡಲಿಲ್ಲ. ನೀರೂ ಕೇಳಲಿಲ್ಲ. ಎಲ್ಲಿ ಕೂರಿಸಿದೆನೋ ಅಲ್ಲೇ ಕುಳಿತಿದ್ದಳು. ದೇವರಿಗೆ ಸ್ತೋತ್ರ.

ಅಕ್ಟೋಬರ್ 18, ಶುಕ್ರವಾರ

ಬೆಳಗ್ಗೆಯಿಂದ ವಾಂತಿ. ಹೊಟ್ಟೆ ನೋವು ಅನ್ನುತ್ತಾಳೆ. ನಮ್ಮವರು ಸವಣೂರಿಗೆ ಕರೆದುಕೊಂಡು ಹೋಗೋಣ ಎಂದರು. ಪಿತ್ತ ಇರಬೇಕು, ನಾಳೆ ನೋಡೋಣ ಎಂದೆ. ನಾಳೆ ಮಧ್ಯಾಹ್ನದವರೆಗೂ ಅವರಿಗೆ ಡ್ಯೂಟಿ ಇದೆ, ಮುಗಿಸಿ ಬಂದು ಕರೆದೊಯ್ಯುತ್ತಾರಂತೆ.

ಅವಳನ್ನು ನೋಡಲಾಗದೆ ಇಂದು ಗಂಟೆಯ ನಿಯಮ ಬಿಟ್ಟೆ. ಲಿಂಬೆ ಶರಬತ್ತು ಮಾಡಿ, ಶಕ್ತಿ ಬರಲೆಂದು ಸಕ್ಕರೆ ಹೆಚ್ಚಾಗಿ ಹಾಕಿ ಕುಡಿಸಿದೆ. ಗಟಗಟ ಕುಡಿದಳು. ಮತ್ತೆ ಕೇಳಿದಳು, ಮತ್ತೆ ಮಾಡಿಕೊಟ್ಟೆ. ಅವಳ ಬಾಯಿಂದ ಅತಿ ಮಾಗಿದ ಬಾಳೆಹಣ್ಣಿನಂಥ ವಾಸನೆ ಬರುತ್ತಿತ್ತು. ಮನೆಯಲ್ಲಿ ಬಾಳೆಹಣ್ಣು ತಂದೇ ಇಲ್ಲ.

ಅಕ್ಟೋಬರ್ 22, ಮಂಗಳವಾರ. ಹುಬ್ಬಳ್ಳಿ

ಆಸ್ಪತ್ರೆಯ ವರಾಂಡದಲ್ಲಿ ಕುಳಿತಿದ್ದೇನೆ. ಕೃಪಾ ಒಳಗೆ ಐ.ಸಿ.ಯು.ದಲ್ಲಿದ್ದಾಳೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಶನಿವಾರ ಬೆಳಗ್ಗೆ ಅವಳು ಏಳಲಿಲ್ಲ. ನಿದ್ದೆ ಮಾಡಲಿ ಎಂದು ಬಿಟ್ಟೆ. ಕೆಲಸ ಮುಗಿಸಿ ಹೋಗಿ ನೋಡಿದರೆ ಉಸಿರು ಬೇರೆಯೇ ರೀತಿ ಆಡುತ್ತಿತ್ತು. ಓಡಿ ಬಂದವರ ಹಾಗೆ ಎದೆಯೆಲ್ಲ ಎದ್ದು ಎದ್ದು ಇಳಿಯುತ್ತಿತ್ತು. ಹೆಸರು ಹಿಡಿದು ಕರೆದೆ. ಕಣ್ಣು ಅರ್ಧ ತೆರೆದವು, ನನ್ನನ್ನು ನೋಡಲಿಲ್ಲ. ಮೊದಲು ನಾನು ಸಿಟ್ಟಿನಿಂದ, "ಸಾಕು ಏಳು ಇನ್ನ" ಎಂದೆ. ಹಾಗೆ ಎಂದೆ. ಆಮೇಲೆ ಹಾಸಿಗೆಯಿಂದ ಎತ್ತಲು ಹೋದೆ. ಆರು ವರ್ಷದ ಮಗುವಿನಷ್ಟು ಹಗುರವಾಗಿದ್ದಳು. ತಲೆ ಹಿಂದಕ್ಕೆ ಜೋತುಬಿತ್ತು.

ನಾನು ಅರಚುತ್ತ ರಸ್ತೆಗೆ ಓಡಿದೆ. ನಮ್ಮವರು ಆ ತುದಿಯ ಕ್ಯಾಬಿನ್ನಿನಲ್ಲಿ, ಕೂಗಿದರೆ ಕೇಳುವಷ್ಟು ಹತ್ತಿರವಲ್ಲ. ಹಮೀದುನ್ನೀಸಾ ಅಜ್ಜಿ ಹೊರಗೆ ಬಂದವರು ಒಂದೂ ಮಾತು ಕೇಳದೆ ಮಗ ಬಿಲಾಲನನ್ನು ಎಬ್ಬಿಸಿದರು. ಅವನು ವೀಳ್ಯದೆಲೆ ಪೆಂಡಿ ಹೇರುವ ಗಾಡಿ ಓಡಿಸುತ್ತಾನೆ. ಲೋಡು ಅರ್ಧ ಕೆಳಗೆ ಒಗೆದು ಚಾದರ ಹಾಸಿದ. ಅಜ್ಜಿ ಹಿಂದೆ ಹತ್ತಿ ಕುಳಿತು ಕೃಪಾಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ನಾನು ಕಾಲು ಹಿಡಿದಿದ್ದೆ. ಸವಣೂರು ಮುಟ್ಟುವವರೆಗೂ ಅಜ್ಜಿ ಅವಳ ಕೆನ್ನೆ ತಟ್ಟುತ್ತ, "ಕಣ್ಣ ತೆಗಿ ಬೇಟಿ, ತರನ್ನುಮ ಕರ್ಯಾಕತ್ತಾಳ ನೋಡು" ಎನ್ನುತ್ತಿದ್ದರು. ಕಳೆದ ತಿಂಗಳು ಅವರು ಕಳಿಸಿದ್ದ ಪಾಯಸದ ಡಬ್ಬಿಯನ್ನು ನಾನು ತೆರೆಯದೆ ವಾಪಸು ಕಳಿಸಿದ್ದೆ.

ಸವಣೂರಿನ ದವಾಖಾನೆಯಲ್ಲಿ ಬೆರಳು ಚುಚ್ಚಿ ರಕ್ತ ನೋಡಿದರು. ಯಂತ್ರದಲ್ಲಿ ಅಂಕಿಯೇ ಬರಲಿಲ್ಲ, ಅದು ಅಳೆಯುವುದಕ್ಕಿಂತ ಹೆಚ್ಚಾಗಿದೆ ಎಂದರು. ಸಲೈನ್ ಹಚ್ಚಿ ಅಂಬ್ಯುಲನ್ಸಿನಲ್ಲಿ ಹಾಕಿದರು. ಬಂಕಾಪುರ, ಶಿಗ್ಗಾಂವಿ ದಾಟಿದ್ದು ನನಗೆ ಗೊತ್ತಾಗಲಿಲ್ಲ. ನಮ್ಮವರು ಸಿಕ್ಕ ಗಾಡಿ ಹತ್ತಿ ಹುಬ್ಬಳ್ಳಿಗೆ ಬಂದರು. ಡ್ಯೂಟಿಯ ಬಟ್ಟೆಯಲ್ಲೇ ಇದ್ದರು, ಕೈಯಲ್ಲಿ ಹಸಿರು ಬಾವುಟ ಹಾಗೇ ಇತ್ತು.

ಇಲ್ಲಿಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸಕ್ಕರೆ ಕಾಯಿಲೆ ಎಂದರು. ಮಕ್ಕಳಿಗೂ ಬರುತ್ತದಂತೆ, ಯಾರ ತಪ್ಪಿನಿಂದಲೂ ಬರುವುದಲ್ಲವಂತೆ. ಮೈಯಲ್ಲಿ ಇನ್ಸುಲಿನ್ ಆಗುವುದು ನಿಂತುಹೋಗುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ, ಸಕ್ಕರೆಯೆಲ್ಲ ಮೂತ್ರದಲ್ಲಿ ಹೋಗುತ್ತದೆ, ಅದರ ಹಿಂದೆ ನೀರೂ ಹೋಗುತ್ತದೆ.

"ಎಷ್ಟು ದಿನಾ ಆತ್ರಿ ನೀರಡಿಕಿ ಶುರುವಾಗಿ? ಒಂದಕ್ಕ ಭಾಳ ಹೋಗ್ತಿದ್ಲಾ? ನೀವು ಮನ್ಯಾಗ ಇರ್ತಿದ್ರಲ್ಲ, ಗೊತ್ತಾಗ್ಲಿಲ್ಲೇನ್ರಿ?"

ನಮ್ಮವರು ನೆಲ ನೋಡುತ್ತ ಹೇಳಿದರು: "ಗೊತ್ತಾಗಿತ್ರಿ. ನೀರು ಬಾಳ ಕೇಳತಿದ್ಲು."

ಡಾಕ್ಟರು ಬರೆದುಕೊಂಡರು. "ನೀರು ಕೊಟ್ಟೀರಲ್ಲ ಮತ್ತ? ಅದರಿಂದನ ಇಷ್ಟು ದಿನಾ ತಡದಾಳ ಹುಡುಗಿ" ಎಂದು ಹೇಳಿ ಒಳಗೆ ಹೋದರು.

ಅಕ್ಟೋಬರ್ 24, ಗುರುವಾರ

ಎಚ್ಚರವಾಯಿತು. ಗುರುತು ಹಿಡಿದಳು. ಅಪ್ಪನನ್ನು ನೋಡಿ ಸ್ವಲ್ಪ ನಕ್ಕಳು.

ಮಧ್ಯಾಹ್ನ ನರ್ಸು ಬಂದು, ಇನ್ನು ಬಾಯಿಂದ ನೀರು ಕೊಡಬಹುದು ಎಂದು ಲೋಟ ಅವಳ ಕೈಗೆ ಕೊಟ್ಟಳು. ಕೃಪಾ ಲೋಟ ಹಿಡಿದುಕೊಂಡು ಕುಡಿಯದೆ ನನ್ನ ಕಡೆ ನೋಡಿದಳು.

"ಗಂಟಿ ಆತೇನವ್ವ?"

ನರ್ಸು ಏನು ತಿಳಿದಳೋ, "ಎರಡೂವರಿ ಆಗೇತಿ ಪುಟ್ಟಿ" ಎಂದಳು. ನಮ್ಮವರು ಎದ್ದು ಹೊರಗೆ ಹೋದರು.

ನವೆಂಬರ್ 6, ಬುಧವಾರ

ಮನೆಗೆ ಬಂದು ವಾರವಾಯಿತು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಬೇಕು, ಜೀವನಪೂರ್ತಿ. ಊಟದ ಮೊದಲು ಬೆರಳು ಚುಚ್ಚಿ ರಕ್ತ ನೋಡಬೇಕು. ಆಸ್ಪತ್ರೆಯಲ್ಲಿ ನಮ್ಮ ಮೂವರಿಗೂ ಕಲಿಸಿದ್ದಾರೆ. ನಾನು ಸೂಜಿ ಹಿಡಿದು ಹತ್ತಿರ ಹೋದರೆ ಕೃಪಾ ಕಣ್ಣು ಮುಚ್ಚಿ, ಎರಡೂ ಕೈಯನ್ನು ಮೈಗೆ ಒತ್ತಿಕೊಂಡು ನೆಟ್ಟಗೆ ನಿಲ್ಲುತ್ತಾಳೆ. ನಮ್ಮವರು ಚುಚ್ಚುವಾಗ ಮಾತಾಡುತ್ತಾಳೆ, ಮೆಲ್ಲಗೆ ಚುಚ್ಚು ಎಂದು ಬಯ್ಯುತ್ತಾಳೆ. ಹೀಗಾಗಿ ಅವರು ಇದ್ದಾಗ ಅವರೇ ಚುಚ್ಚುತ್ತಾರೆ. ಅವರು ಡ್ಯೂಟಿಗೆ ಹೋದಾಗ ಅವಳೇ ಚುಚ್ಚಿಕೊಳ್ಳುವುದನ್ನು ಕಲಿಯುತ್ತಿದ್ದಾಳೆ. ನನಗೆ ಹೇಳುವುದಿಲ್ಲ.

ನೀರಿನ ಕೊಡ ಮುಂದಿನ ಕೋಣೆಯಲ್ಲೇ ಇಟ್ಟಿದ್ದೇನೆ. ಬೇಕಾದಾಗ ಕುಡಿ ಎಂದು ಹೇಳಿದ್ದೇನೆ. ನಾನು ಆ ಕೋಣೆಯಲ್ಲಿ ಇರುವಾಗ ಕುಡಿಯುವುದಿಲ್ಲ.

ಎಸ್ತೇರ್ ಸಿಸ್ಟರ್‌ಗೆ ಆದದ್ದೆಲ್ಲ ಹೇಳಿದೆ. ದೇವರು ಮಗುವನ್ನು ಉಳಿಸಿದ, ಇದನ್ನು ಸಾಕ್ಷಿಯಾಗಿ ಗುಂಪಿನಲ್ಲಿ ಹೇಳಿ, ಆದರೆ ನೀರಿನ ವಿಷಯ ಬೇಡ, ಹೊಸ ತಾಯಂದಿರು ಹೆದರುತ್ತಾರೆ ಎಂದರು. ಅದೇ ಸಮಾಧಾನದ ಧ್ವನಿ. ನಾನು ನೀರಿನ ವಿಷಯವನ್ನೇ ಮೊದಲು ಹೇಳಿದೆ. ನನ್ನ ಮಗಳು ಕಾಯಿಲೆಯಿಂದ ನೀರು ಕೇಳುತ್ತಿದ್ದಳು, ನಾನು ಹಟವೆಂದು ತಿಳಿದೆ, ನಿಮ್ಮ ಮಗು ಹೀಗೆ ನೀರು ಕುಡಿಯುತ್ತಿದ್ದರೆ ಇವತ್ತೇ ರಕ್ತ ನೋಡಿಸಿ ಎಂದು ಹೇಳಿ ಕಳಿಸಿದೆ. ಸಂಜೆಯೊಳಗೆ ನನ್ನನ್ನು ಗುಂಪಿನಿಂದ ತೆಗೆದಿದ್ದರು. ಎಷ್ಟು ಜನ ಕೇಳಿಸಿಕೊಂಡರೋ ಗೊತ್ತಿಲ್ಲ.

ಅಯ್ಯನವರು ಬಂದು ಪ್ರಾರ್ಥನೆ ಮಾಡಿ ಹೋದರು. ಜೂನ್ ತಿಂಗಳಲ್ಲಿ ಆಡಿದ ಮಾತನ್ನು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ನವೆಂಬರ್ 19, ಮಂಗಳವಾರ

ಕೃಪಾಳನ್ನು ಕೇಳಿದೆ. "ಸಾಲಿಗೆ ಹೋಗ್ತಿಯೋ, ಮನ್ಯಾಗ ಕಲಿತಿಯೋ? ನಿನಗ ಹೆಂಗ ಬೇಕೋ ಹಂಗ."

"ನೀ ಹೇಳ್ದಂಗ" ಎಂದಳು.

"ನಾ ಹೇಳೂದಲ್ಲ. ನಿನಗ ಏನು ಅನಸ್ತೈತಿ?"

ನನ್ನ ಮುಖವನ್ನೇ ನೋಡಿದಳು. ಯಾವ ಉತ್ತರ ಸರಿ ಎಂದು ಹುಡುಕುತ್ತಿದ್ದಳು. ಹಳಿ ಉದ್ದವಾದರೆ ಹುಬ್ಬಳ್ಳಿ ದೂರವಾಗುತ್ತದೆಯೇ ಎಂದು ಕೇಳಿದ ಹುಡುಗಿ. "ಗೊತ್ತಿಲ್ಲವ್ವ" ಎಂದಳು.

ನಾನು ಪದ್ಮಜಾ ಟೀಚರ್‌ಗೆ ಫೋನು ಮಾಡಿದೆ. ಅವರು ಏನನ್ನೂ ಕೇಳಲಿಲ್ಲ. "ಸೋಮವಾರ ಕರಕೊಂಡು ಬರ್ರಿ. ಸೂಜಿ ಔಷಧದ್ದು ನನಗೂ ಒಂದಷ್ಟು ಹೇಳಿಕೊಡ್ರಿ, ನಾನೂ ಕಲೀತೀನಿ" ಎಂದರು.

ನವೆಂಬರ್ 25, ಸೋಮವಾರ

ಔಷಧದ ಡಬ್ಬಿ, ನೀರಿನ ಬಾಟಲಿ, ಸಕ್ಕರೆ ಇಳಿದರೆ ಬಾಯಿಗೆ ಹಾಕಲು ಗ್ಲುಕೋಸ್ ಪುಡಿ ಕಟ್ಟಿಕೊಂಡು ಹೋದೆವು. ನಮ್ಮವರು ರಜೆ ಹಾಕುತ್ತೇನೆ ಎಂದಿದ್ದರು, ನಾನೇ ಬೇಡ ಎಂದೆ. ರಸ್ತೆಯುದ್ದಕ್ಕೂ ಕೃಪಾ ನನ್ನ ಒಂದು ಹೆಜ್ಜೆ ಹಿಂದೆಯೇ ನಡೆದಳು. ನಾನು ನಿಂತರೆ ನಿಲ್ಲುತ್ತಿದ್ದಳು.

ಪದ್ಮಜಾ ಟೀಚರ್ ಕ್ಲಾಸಿನ ಬಾಗಿಲಿಗೆ ಬಂದು ಅವಳ ತಲೆ ನೇವರಿಸಿದರು. "ಬಾ. ಎಲ್ಲಿ ಕೂಡ್ತಿ? ತರನ್ನುಮನ ಬಾಜೂಕ ಖಾಲಿ ಅದ, ಮುಂದಿನ ಸಾಲಿನ್ಯಾಗೂ ಅದ."

ಕೃಪಾ ತಿರುಗಿ ನನ್ನ ಕಡೆ ನೋಡಿದಳು.

"ನಿನಗ ಎಲ್ಲಿ ಬೇಕೋ ಅಲ್ಲಿ ಕುಂಡ್ರು" ಎಂದೆ.

ಕೂರಲಿಲ್ಲ. ಹೊಸ್ತಿಲಲ್ಲೇ ಚೀಲದ ಪಟ್ಟಿ ಹಿಡಿದು ನಿಂತಳು. ಮಕ್ಕಳೆಲ್ಲ ಅವಳನ್ನೇ ನೋಡುತ್ತಿದ್ದರು, ತರನ್ನುಮ ಬೆಂಚು ತಟ್ಟಿ ತಟ್ಟಿ ಕರೆಯುತ್ತಿದ್ದಳು. ಟೀಚರ್ ಮತ್ತೊಮ್ಮೆ ಕರೆದರು. ಅವಳು ನನ್ನನ್ನೇ ನೋಡುತ್ತಿದ್ದಳು. ನನಗೆ ಏನಾದರೂ ಹೇಳಬೇಕು ಅನಿಸಿತು, ಒಳ್ಳೆಯದೇನಾದರೂ. ಆದರೆ ನಾನು ಏನು ಹೇಳಿದರೂ ಅವಳು ಅದನ್ನು ಮಾಡಿಯೇ ಬಿಡುತ್ತಾಳೆ.

ಟೀಚರ್ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ನೀವು ಆಕಿ ಕಣ್ಣಿಗೆ ಒಂಚೂರು ಮರಿಯಾಗ್ರಿ, ಶೀಲಾ."

ನಾನು ಹೊರಟೆ. ಮೈದಾನ ದಾಟಿ, ಬಿಸಿಯೂಟದ ಅಡುಗೆ ಕೋಣೆಯ ಹಿಂದಿನ ಗೋಡೆಯ ಮರೆಗೆ ಹೋಗಿ ನಿಂತೆ. ಅಲ್ಲಿಂದ ಕ್ಲಾಸು ಕಾಣುವುದಿಲ್ಲ. ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಬೆಂಚು ಎಳೆದ ಸಪ್ಪಳ, ಆಮೇಲೆ ತರನ್ನುಮಳ ಧ್ವನಿ, ಅದರ ಮೇಲೆ ಇನ್ನೊಂದು ಧ್ವನಿ: "ಸರಿಯಲೇ ಅತ್ತಾಗ, ಕಿಟಕಿ ಕಡೆ ನಾ ಕುಂಡ್ರತೇನಿ!"

ಮಧ್ಯಾಹ್ನ ಅವಳು ಸೂಜಿ ಚುಚ್ಚಿಕೊಳ್ಳುವ ಹೊತ್ತಿಗೆ ಯಾರಾದರೂ ಹತ್ತಿರ ಇರಲೇಬೇಕು ಎಂದು ಡಾಕ್ಟರು ಹೇಳಿದ್ದಾರೆ. ಅಲ್ಲಿಯವರೆಗೂ ನಾನು ಗೋಡೆಗೆ ಆನಿಕೊಂಡು ಕುಳಿತಿದ್ದೆ. ಬಿಸಿಲು ಸರಿದ ಹಾಗೆಲ್ಲ ನನ್ನ ನೆರಳು ಮೈದಾನದ ಕಡೆ ಚಾಚುತ್ತಿತ್ತು. ಅವಳ ಕಣ್ಣಿಗೆ ಬೀಳಬಾರದೆಂದು ಆಗಾಗ ಹಿಂದೆ ಸರಿದು ಕೂರುತ್ತಿದ್ದೆ.